ಠರಾವು ಪುಸ್ತಕವಿಲ್ಲದ ಒಂದು ಸಂಸ್ಥೆ

ಯಾವುದೇ ಸಂಸ್ಥೆಯ ಇತಿಹಾಸ ಬರೆಯಲು ಕೂತವರು ಮೊದಲು ಕೇಳುವುದು ಠರಾವು ಪುಸ್ತಕವನ್ನು. ಸ್ಥಾಪನೆಯಾದ ದಿನ, ಮೊದಲ ಅಧ್ಯಕ್ಷರು, ನೋಂದಣಿ ಸಂಖ್ಯೆ, ಕಟ್ಟಡಕ್ಕೆ ದೇಣಿಗೆ ಕೊಟ್ಟವರ ಪಟ್ಟಿ ಎಲ್ಲ ಅದರಲ್ಲಿ ಸಿಗುತ್ತವೆ. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಇವತ್ತು ನಡೆಯುತ್ತಿರುವ ಸಂಸ್ಥೆಗಳಿಗೆ ಇಂಥ ಕಾಗದಪತ್ರಗಳಿಗೇನೂ ಕೊರತೆಯಿಲ್ಲ. ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗುರುಕುಲವಿದೆ, ಧಾರವಾಡದ ಶುಕ್ರವಾರಪೇಟೆಯಲ್ಲಿ ಅವರು ಹುಟ್ಟಿದ ಮನೆ ಸ್ಮಾರಕವಾಗಿದೆ. ಇವೆಲ್ಲಕ್ಕೂ ಮೊದಲಿನದೊಂದು ಸಂಸ್ಥೆ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ, ಕಾರ್ಯಕಾರಿ ಸಮಿತಿ ಇರಲಿಲ್ಲ, ವಾರ್ಷಿಕ ವರದಿಯನ್ನು ಯಾರೂ ಓದಿ ಒಪ್ಪಿಸಲಿಲ್ಲ. ಅದು ಹಾಡುವವರ ಒಂದು ಮನೆ. ಅದನ್ನು ನಡೆಸಿದವರು ಹೆಚ್ಚಾಗಿ ಹೆಂಗಸರು. ಈ ಸಂಚಿಕೆಯಲ್ಲಿ ನಾನು ಬರೆಯಬೇಕೆಂದಿರುವುದು ಆ ಮನೆಯ ಇತಿಹಾಸ.

ಮನೆಯ ಹೆಸರಿನಿಂದಲೇ ಶುರುಮಾಡಬಹುದು. ಗಂಗೂಬಾಯಿಯವರ ತಂದೆ ಚಿಕ್ಕೂರಾವ್ ನಾಡಿಗೇರ, ಒಕ್ಕಲುತನದವರು. ಗಂಡ ಗುರುರಾವ್ ಕೌಲಗಿ, ವಕೀಲರು. ಮಗಳು ನಾಡಿಗೇರಳೂ ಆಗಲಿಲ್ಲ, ಕೌಲಗಿಯೂ ಆಗಲಿಲ್ಲ. ತಾಯಿ ಅಂಬಾಬಾಯಿ, ಅಜ್ಜಿ ಕಮಲಾಬಾಯಿ ಇವರ ಕಡೆಯಿಂದ ಬಂದ ಹಾನಗಲ್ಲೇ ಅವರ ಹೆಸರಿಗೆ ಅಂಟಿಕೊಂಡಿತು, ಮುಂದೆ ಮಕ್ಕಳಿಗೂ ಅದೇ ಆಯಿತು. ನಮ್ಮ ಕಡೆ ಅಡ್ಡಹೆಸರು ಅಪ್ಪನಿಂದ ಬರುವುದು ರೂಢಿ. ಈ ಮನೆಯಲ್ಲಿ ಅದು ಹಾಡಿನ ಜೊತೆಗೇ ಬಂತು, ತಾಯಿಯಿಂದ ಮಗಳಿಗೆ. ಹಾಡುವ ಹೆಂಗಸರ ಮನೆಗಳಿಗೆ ಆ ಕಾಲದ ಸಮಾಜ ಕೊಟ್ಟ ಸ್ಥಾನ ಏನೆಂದು ಈ ಒಂದು ಸಂಗತಿಯಿಂದಲೇ ಗೊತ್ತಾಗುತ್ತದೆ. ಹಾಡನ್ನು ಕೇಳಲು ಎಲ್ಲರೂ ಬರುತ್ತಿದ್ದರು, ಹೆಸರನ್ನು ಕೊಡಲು ಯಾರೂ ಮುಂದೆ ಬರುತ್ತಿರಲಿಲ್ಲ.

1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಗಾಂಧಾರಿ. ಸಪ್ತಸ್ವರಗಳಲ್ಲಿ ಗಾಂಧಾರ ಮೂರನೆಯದು, ಆ ಮನೆಯ ಹಾಡಿನಲ್ಲಿ ಲೆಕ್ಕ ಹಾಕಿದರೆ ಈಕೆಯೂ ಮೂರನೆಯ ತಲೆಮಾರು. ಬೇಕೆಂದು ಇಟ್ಟ ಹೆಸರೋ, ತಾನಾಗಿ ಕೂಡಿಬಂದದ್ದೋ, ಕೇಳಲು ಚೆನ್ನಾಗಿದೆ. ಗಂಗೂಬಾಯಿ ಎಂಬ ಹೆಸರು ಬಂದದ್ದು ಗ್ರಾಮಫೋನ್ ಕಂಪನಿಯವರಿಂದ, ಬಹಳ ತಡವಾಗಿ.

ಅಂಬಾಬಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಈಗಿನವರಿಗೆ ಇದು ವಿಚಿತ್ರವೆನಿಸಬಹುದು, ಧಾರವಾಡವೆಂದರೆ ಹಿಂದುಸ್ತಾನಿ ಎಂದೇ ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹಾಗಿರಲಿಲ್ಲ. ಮುಂಬಯಿ ಪ್ರಾಂತ್ಯದ ಈ ಮೂಲೆಯ ಮನೆಗಳಲ್ಲಿ ಕೃತಿ, ಕೀರ್ತನೆಗಳು ಕೇಳುತ್ತಿದ್ದವು. ಹಿಂದುಸ್ತಾನಿ ಬಂದದ್ದು ಹಲವು ದಾರಿಗಳಲ್ಲಿ. ಮರಾಠಿ ನಾಟಕ ಕಂಪನಿಗಳು ಊರೂರಿಗೆ ನಾಟ್ಯಗೀತೆಗಳನ್ನು ಹೊತ್ತು ತಂದವು. ಮೈಸೂರು ದಸರೆಗೆ ಹೊರಟ ಉತ್ತರದ ಗವಾಯಿಗಳಿಗೆ ಧಾರವಾಡ, ಹುಬ್ಬಳ್ಳಿಗಳು ದಾರಿಯ ತಂಗುದಾಣಗಳಾದವು. ಆಮೇಲೆ ಅಂಗಡಿಗಳ ಮುಂದೆ ಗ್ರಾಮಫೋನ್ ಹಾಡತೊಡಗಿತು. ಆಗ್ರಾದ ಜೊಹ್ರಾಬಾಯಿಯ ತಟ್ಟೆ ಹಾಕಿದ ಸದ್ದು ಕೇಳಿದರೆ ಸಾಕು, ಪುಟ್ಟ ಗಾಂಧಾರಿ ಬೀದಿಗೆ ಓಡುತ್ತಿದ್ದಳಂತೆ. ಜೊಹ್ರಾಬಾಯಿ ತೀರಿಕೊಂಡದ್ದು 1913ರಲ್ಲಿ, ಈ ಹುಡುಗಿ ಹುಟ್ಟಿದ ವರ್ಷವೇ. ಗಂಡಸರ ಗತ್ತಿನ, ಭಾರವಾದ ಹಾಡುಗಾರಿಕೆಗೆ ಹೆಸರಾಗಿದ್ದವರು ಆಕೆ. ಮುಂದೆ ಗಂಗೂಬಾಯಿಯವರ ಕಂಠ ಯಾವ ದಿಕ್ಕಿಗೆ ಹೊರಳಿತೆಂದು ಬಲ್ಲವರಿಗೆ ಆ ಬೀದಿಯ ಓಟ ಬರೀ ಮಕ್ಕಳಾಟವಾಗಿ ಕಾಣುವುದಿಲ್ಲ.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಮನೆಗೆ ಬರುತ್ತಿದ್ದರು. ಬರುತ್ತಿದ್ದದ್ದು ಹಾಡಲು ಮಾತ್ರವಲ್ಲ, ಆಕೆಯ ಕರ್ನಾಟಕ ಸಂಗೀತ ಕೇಳಲು. ದಕ್ಷಿಣದ ಸರಿಗಮದ ಬಗ್ಗೆ ಖಾನ್‌ಸಾಹೇಬರಿಗೆ ಇದ್ದ ಹುಚ್ಚು ಎಲ್ಲರಿಗೂ ತಿಳಿದದ್ದೇ. ಅವರು ತ್ಯಾಗರಾಜರ ಕೃತಿಯನ್ನು ತಟ್ಟೆಗೂ ಹಾಡಿದವರು. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನ ಗಾಯನಶೈಲಿ ಕೃಷ್ಣೆ ತುಂಗಭದ್ರೆಯರ ನಡುವೆ ಹೇಗೆ ಬೇರು ಬಿಟ್ಟಿತು ಎಂದು ಕೇಳುವವರು ಆ ಪಡಸಾಲೆಯ ಕಡೆಗೂ ಒಮ್ಮೆ ನೋಡಬೇಕು. ಕೊಡುವವರೂ ಕೊಳ್ಳುವವರೂ ಎರಡೂ ಕಡೆ ಇದ್ದರು. ಘರಾಣೆಯ ವಂಶಾವಳಿ ಬರೆಯುವವರು ಗಂಡಸರ ಹೆಸರನ್ನಷ್ಟೇ ಗೆರೆ ಎಳೆದು ಜೋಡಿಸುತ್ತಾರೆ, ಅಂಬಾಬಾಯಿಗೆ ಅಲ್ಲಿ ಒಂದು ಚುಕ್ಕೆಯೂ ಇಲ್ಲ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಗಾಂಧಾರಿಯೂ ಒಬ್ಬಳು. ಆಗ ಹನ್ನೊಂದು ವರ್ಷ. ಹಾಡುವುದರ ಬಗ್ಗೆ ಹುಡುಗಿಗೆ ಅಂಜಿಕೆಯಿರಲಿಲ್ಲ. ಅಂಜಿಕೆಯಿದ್ದದ್ದು ಊಟದ ಹೊತ್ತಿನದು, ಪಂಕ್ತಿಯಲ್ಲಿ ತನಗೆ ಏನು ಹೇಳಿಬಿಡುತ್ತಾರೋ ಎಂದು. ಧಾರವಾಡದಲ್ಲಿ ನೆರೆಮನೆಯ ಸ್ಥಿತಿವಂತರ ತೋಟದಿಂದ ಮಾವಿನಕಾಯಿ ಕಿತ್ತದ್ದಕ್ಕೆ ಬೈಸಿಕೊಂಡ ನೆನಪು ಅವರಿಗೆ ಕೊನೆಯವರೆಗೂ ಇತ್ತು. ಕಾಯಿ ಕದ್ದದ್ದಕ್ಕಿಂತ ಹಾಡುವವರ ಮನೆಯ ಹುಡುಗಿ ತೋಟದೊಳಗೆ ಕಾಲಿಟ್ಟದ್ದೇ ಆ ನೆರೆಯವರಿಗೆ ದೊಡ್ಡ ತಪ್ಪಾಗಿತ್ತು. ಅದೇ ಮನೆಯವರು ಎಷ್ಟೋ ವರ್ಷಗಳ ಮೇಲೆ ಗಂಗೂಬಾಯಿಯವರನ್ನು ಊಟಕ್ಕೆ ಕರೆದರು. ಈ ಕಥೆಯನ್ನು ಅವರು ಕಹಿಯಿಲ್ಲದೆ, ನಗುತ್ತ ಹೇಳುತ್ತಿದ್ದರು. ನಗುತ್ತ ಹೇಳಿದ ಮಾತ್ರಕ್ಕೆ ನಾವೂ ನಕ್ಕು ಸುಮ್ಮನಾಗಬೇಕೆಂದಿಲ್ಲ.

1928ರಲ್ಲಿ ಮನೆ ಧಾರವಾಡದಿಂದ ಹುಬ್ಬಳ್ಳಿಗೆ ಬಂತು. ಬಂದದ್ದು ಮಗಳ ಕಲಿಕೆಗಾಗಿ. ಕೃಷ್ಣಾಚಾರ್ಯ ಹುಲಗೂರ ಎಂಬ ಕಿನ್ನರಿ ವಾದಕರಲ್ಲಿ ಪಾಠ ಶುರುವಾಗಿ, ಸುಮಾರು ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳು ಬಾಯಿಗೆ ಬಂದವು. ಬಳಿಕ ದತ್ತೋಪಂತ ದೇಸಾಯಿಯವರಲ್ಲಿ ಕಲಿಕೆ. ಇಲ್ಲಿ ಅಂಬಾಬಾಯಿ ಮಾಡಿದ ಕೆಲಸವೊಂದಿದೆ. ನನ್ನ ಮಟ್ಟಿಗೆ ಈ ಸಂಸ್ಥೆಯ ಮೊದಲ ಠರಾವು ಅದೇ. ಮಗಳ ಕಿವಿಯಲ್ಲಿ ಎರಡು ಪದ್ಧತಿಗಳು ಕಲಸಬಾರದೆಂದು ತಾಯಿ ತನ್ನ ಕರ್ನಾಟಕ ಸಂಗೀತವನ್ನು ಬಿಟ್ಟುಕೊಟ್ಟರು. ಖಾನ್‌ಸಾಹೇಬರಂಥವರು ಬಂದು ಕೂತು ಕೇಳಿದ ಹಾಡು ಅದು. ಹಾಡುವ ಮನೆಯೊಂದರಲ್ಲಿ ಹಾಡುವಾಕೆ ಬಾಯಿ ಮುಚ್ಚುವುದೆಂದರೆ ಏನು ಎಂದು ಹಾಡದವರಿಗೆ ಅಂದಾಜಾಗುವುದು ಕಷ್ಟ. ಬೆಳಗಿನ ಕೆಲಸ ಮಾಡುತ್ತ ತಾನಾಗಿ ಬರುವ ಗುನುಗನ್ನೂ ತಡೆಯಬೇಕು. ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಮಗಳು ದೊಡ್ಡ ಗಾಯಕಿಯಾದದ್ದನ್ನು ಅವರು ನೋಡಲಿಲ್ಲ.

ಅಂಬಾಬಾಯಿಯ ತಮ್ಮ ರಾಮಣ್ಣ ಆಮೇಲೆ ಮನೆಯ ಬೆನ್ನಿಗೆ ನಿಂತರು. ಪರಊರಿನ ಬೈಠಕ್‌ಗಳಿಗೆ ಸೋದರಸೊಸೆಯನ್ನು ಕರೆದುಕೊಂಡು ಹೋಗುವುದು, ಮಾತುಕತೆ ನೋಡಿಕೊಳ್ಳುವುದು ಎಲ್ಲ ಅವರ ಪಾಲಿಗೆ ಬಂತು. ಇವತ್ತಾದರೆ ಕಾರ್ಯದರ್ಶಿ, ವ್ಯವಸ್ಥಾಪಕ, ಅಂಗರಕ್ಷಕ ಎಂದು ಮೂವರನ್ನು ಇಟ್ಟುಕೊಳ್ಳಬೇಕಾದ ಕೆಲಸ. ಗುರುರಾವ್ ಕೌಲಗಿಯವರು ಹೆಂಡತಿಯ ಹಾಡಿಗೆ ಯಾವತ್ತೂ ಅಡ್ಡಬಂದವರಲ್ಲ. ಆದರೆ ಅವರು ಕೈಹಾಕಿದ ವ್ಯವಹಾರಗಳು ಕೈಹಿಡಿಯಲಿಲ್ಲ, ಸಾಲ ಮನೆಯ ಬಾಗಿಲಿಗೆ ಬಂತು. ಹಾಡು ಹೀಗೆ ಸಂಸಾರದ ಅನ್ನವಾಯಿತು. ತೊಟ್ಟಿಲಲ್ಲಿ ಮಕ್ಕಳು, ತಲೆಯ ಮೇಲೆ ಸಾಲ, ಕೈಯಲ್ಲಿ ತಂಬೂರಿ. ಕಲಾವಿದೆಯ ಜೀವನಚರಿತ್ರೆಗಳಲ್ಲಿ ಸಾಧನೆ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಮೂರೂ ಒಟ್ಟಿಗೇ ಕಣ್ಣ ಮುಂದೆ ಬರುತ್ತವೆ.

1930ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಎಂವಿ ಕಂಪನಿ ಆಕೆಯ ಹಾಡುಗಳನ್ನು ಮುದ್ರಿಸಿತು. ಆ ತಟ್ಟೆಗಳಲ್ಲಿ ಊರಿನ ಹೆಸರೇ ಅಡ್ಡಹೆಸರು, ಹುಬ್ಬಳ್ಳಿಯ ಗಾಂಧಾರಿ, ಮುಂದೆ ಗಂಗೂಬಾಯಿ ಹುಬ್ಬಳ್ಳಿ. ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಗಳೂ ಇವೆ. ಈಗ ಯಾರಾದರೂ ಅವನ್ನು ಹಾಕಿದರೆ ಹೊಸಬರು ನಂಬುವುದಿಲ್ಲ. ತೆಳುವಾದ, ಚುರುಕಾದ, ಮೇಲಿನ ಸ್ವರಗಳಿಗೆ ಹಕ್ಕಿಯ ಹಾಗೆ ಹಾರಿ ಕೂಡುವ ದನಿ ಅದು. 1938ರಲ್ಲಿ ಕಲ್ಕತ್ತೆಯ ಅಖಿಲ ಬಂಗಾಳ ಸಂಗೀತ ಸಮ್ಮೇಳನಕ್ಕೆ ಹೋದಾಗಲೂ ಆಳು ದನಿಯಷ್ಟೇ ತೆಳು. ಆ ಸಣ್ಣ ಆಕಾರ ನೋಡಿ ಸಂಘಟಕರಿಗೇ ದಿಗಿಲಾಯಿತು. ಸಭೆಗೆ ಬಿಡುವ ಮೊದಲು ಖಾಸಗಿಯಾಗಿ ಹಾಡಿಸಿ ನೋಡಿದರು. ನೋಡಿದ ಮೇಲೆ ದಿಗಿಲು ಉಳಿಯಲಿಲ್ಲ. ತ್ರಿಪುರದ ಮಹಾರಾಜರು ಚಿನ್ನದ ಪದಕ ಕೊಟ್ಟರು.

ಈಗ ಕುಂದಗೋಳದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಮನೆಯ ಸಂಸ್ಥೆಗೆ ಶಾಲೆಯಾದದ್ದು ಈ ಊರು. ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ನಾಡಿಗೇರ ವಾಡೆಗೆ ಅಬ್ದುಲ್ ಕರೀಂ ಖಾನ್ ಬಂದಿಳಿಯುತ್ತಿದ್ದರು. ಅವರ ಶಿಷ್ಯ ರಾಮಚಂದ್ರ ಕುಂದಗೋಳಕರ, ಅಂದರೆ ರಾಮಭಾವು, ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರು ಮಾಡಿ ಸವಾಯಿ ಗಂಧರ್ವರಾದವರು. ಅವರು ನಾಟಕದ ತಿರುಗಾಟದಲ್ಲಿ ಇರುವವರೆಗೆ ಗಂಗೂಬಾಯಿಗೆ ಸಿಕ್ಕ ಪಾಠ ಅಲ್ಲೊಂದು ಇಲ್ಲೊಂದು. ರಂಗಭೂಮಿ ಬಿಟ್ಟು ಅವರು ಕುಂದಗೋಳದಲ್ಲಿ ನೆಲೆ ನಿಂತ ಮೇಲೆ, 1930ರ ದಶಕದ ಕೊನೆಯಲ್ಲಿ, ನಿಜವಾದ ತಾಲೀಮು ಶುರುವಾಯಿತು.

ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುವುದು, ಪಾಠ ಮುಗಿಸಿ ರಾತ್ರಿ ರೈಲಿಗೆ ಮರಳುವುದು. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಿದ್ದರು. ಗುರುಗಳು ಅವಸರದವರಲ್ಲ. ಒಂದು ಪಲುಕನ್ನು ದಿನಗಟ್ಟಲೆ ಹೇಳಿಸುತ್ತಿದ್ದರು. ಎದುರಿಗಿದ್ದವಳಿಗೆ ಬೇಸರ ಬಂದದ್ದು ಕಂಡರೂ ಬಿಡುತ್ತಿರಲಿಲ್ಲ. ಸ್ವರವನ್ನು ಜಿಪುಣ ತನ್ನ ದುಡ್ಡನ್ನು ಖರ್ಚು ಮಾಡುವ ಹಾಗೆ ಬಳಸಬೇಕೆಂದು ಅವರು ಹೇಳುತ್ತಿದ್ದರೆಂದು ಗಂಗೂಬಾಯಿ ಎಷ್ಟೋ ಕಡೆ ನೆನೆದಿದ್ದಾರೆ. ಗಂಗೂಬಾಯಿಯವರ ಮಾರವಾ ಅಥವಾ ಪೂರಿಯಾ ಕೇಳಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಷಡ್ಜದಿಂದ ಮುಂದಿನ ಸ್ವರಕ್ಕೆ ಹೋಗಲು ಅವರು ತೆಗೆದುಕೊಳ್ಳುವ ಹೊತ್ತಿನಲ್ಲಿ ಬೇರೆಯವರು ಅಂತರಾ ಮುಗಿಸಿರುತ್ತಾರೆ. ಆದರೂ ಕೂತವರು ಕದಲುತ್ತಿರಲಿಲ್ಲ.

ಗುರುಗಳ ಮನೆಯಲ್ಲಿ ಆಗ ಗದಗಿನ ಹುಡುಗನೊಬ್ಬ ಗುರುಸೇವೆ ಮಾಡಿಕೊಂಡು ಇದ್ದ. ಕೊಡ ಹೊತ್ತು ನೀರು ತರುವುದು, ಮನೆಕೆಲಸ, ಸಿಕ್ಕ ಹೊತ್ತಿನಲ್ಲಿ ಪಾಠ. ಸಂಜೆಗೆ ಗಂಗೂಬಾಯಿಯವರನ್ನು ಸ್ಟೇಷನ್ನಿಗೆ ಮುಟ್ಟಿಸುವ ಕೆಲಸವೂ ಅವನದೇ. ದಾರಿಯುದ್ದಕ್ಕೂ, ಅಕ್ಕಾ, ಇವತ್ತು ಏನು ಹೇಳಿಕೊಟ್ಟರು ಎಂದು ಕೇಳಿ, ತಿಳಿಯದ್ದನ್ನು ತಿಳಿದುಕೊಳ್ಳುತ್ತಿದ್ದ. ಮುಂದೆ ಭಾರತರತ್ನರಾದ ಭೀಮಸೇನ ಜೋಶಿಯವರಿಗೆ ಕುಂದಗೋಳ ಸ್ಟೇಷನ್ನಿನ ದಾರಿಯೂ ಒಂದು ತರಗತಿಯೇ ಆಗಿತ್ತು ಅನ್ನಬೇಕು. ಅಕ್ಕ ಎಂಬ ಸಂಬೋಧನೆಯನ್ನು ಅವರು ಕೊನೆಯವರೆಗೆ ಬಿಡಲಿಲ್ಲ. ಮುಂಬಯಿಯ ಪಾರಸಿ ಶಿಷ್ಯ ಫಿರೋಜ್ ದಸ್ತೂರರೂ ಇದೇ ಗುರುವಿನ ಕೈಯವರು. ಒಬ್ಬ ಗುರು, ಮೂವರು ಶಿಷ್ಯರು, ಮೂರು ಬೇರೆ ಬೇರೆ ಕಂಠ. ಈ ಮೂವರೂ ಒಬ್ಬರಂತೆ ಇನ್ನೊಬ್ಬರು ಹಾಡಲಿಲ್ಲ ಎಂಬುದೇ ಆ ಗುರುವಿನ ಕಲಿಸುವಿಕೆಗೆ ದೊಡ್ಡ ಸಾಕ್ಷಿ.

1940ರ ದಶಕದ ಆರಂಭದಲ್ಲಿ ಎರಡು ಘಟನೆಗಳು ನಡೆದವು. ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು, ದಿನದ ಪಾಠ ನಿಂತಿತು. ಇನ್ನೊಂದು ಗಂಗೂಬಾಯಿಯವರ ಗಂಟಲಿನದು. ಟಾನ್ಸಿಲ್‌ಗೆ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ದಪ್ಪವಾಯಿತು, ಗಂಡಸರ ಶ್ರುತಿಗೆ ಹತ್ತಿರವಾಯಿತು. ಭಾವಗೀತೆಯ ತೆಳುದನಿಯಿಂದ ಹೆಸರು ಮಾಡಿದ್ದ ಗಾಯಕಿಗೆ ಇದು ಬದುಕೇ ಮುಗಿದಂತೆ. ಬೇರೆಯವರಾಗಿದ್ದರೆ ಕಳೆದುಹೋದ ದನಿಯನ್ನು ಅನುಕರಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಇವರು ಹೊಸ ದನಿ ಎಲ್ಲಿ ಕೂಡಲು ಒಪ್ಪಿತೋ ಅಲ್ಲೇ ಬಿಡಾರ ಹೂಡಿದರು. ಮಂದ್ರಸಪ್ತಕ ಅವರ ಮನೆಯಾಯಿತು. ಠುಮ್ರಿ, ನಾಟ್ಯಗೀತೆ, ಭಾವಗೀತೆ ಎಲ್ಲ ಹಿಂದೆ ಬಿದ್ದು ಖ್ಯಾಲ್ ಒಂದೇ ಉಳಿಯಿತು. ಕಛೇರಿಯ ಕೊನೆಗೆ ಹಗುರಾದದ್ದು ಒಂದು ಹಾಡಿರೆಂಬ ಬೇಡಿಕೆಗೆ ಅವರು ಮಣಿಯಲಿಲ್ಲ. ಕಿರಾಣಾದ ಇತರರ ಜೇನಿನಂಥ ಮಾಧುರ್ಯ ಇವರಲ್ಲಿಲ್ಲ ಎಂದು ಕೆಲವರು ಗೊಣಗಿದ್ದುಂಟು. ಗೊಣಗಾಟದಲ್ಲಿ ಸತ್ಯವಿದೆ. ಆದರೆ ಅವರ ಭೈರವದಲ್ಲಿ, ತೋಡಿಯಲ್ಲಿ ಇರುವ ಕಲ್ಲಿನ ಕಟ್ಟಡದಂಥ ಗಟ್ಟಿತನ ಜೇನಿನಲ್ಲಿ ಸಿಗುವಂಥದ್ದಲ್ಲ.

ಬಿರುದುಗಳ ವಿಷಯದಲ್ಲಿ ಗಂಗೂಬಾಯಿಯವರ ಒಂದು ಚುಚ್ಚುಮಾತು ಬಹಳ ಪ್ರಸಿದ್ಧ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥ ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಅವರು ಹೇಳುತ್ತಿದ್ದರು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಬಂದವು. ಉಳಿದ ಪಟ್ಟಿ ಬೇಕಾದವರಿಗೆ ಬೇರೆಡೆ ಸಿಗುತ್ತದೆ. ಬೀದಿಯಲ್ಲಿ ನಡೆದು ಹೋಗುವಾಗ ಗಾನೇವಾಲಿ ಎಂದು ಕೂಗಿಸಿಕೊಂಡ ಹುಡುಗಿಯ ಹೆಸರನ್ನು ಸರ್ಕಾರವೇ ವಿಶ್ವವಿದ್ಯಾಲಯಕ್ಕೆ ಇಟ್ಟಿತು ಎಂಬ ಒಂದು ಸಂಗತಿ ನನಗೆ ಆ ಪಟ್ಟಿಗಿಂತ ಹೆಚ್ಚು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಶುರುವಾದ ಮೇಲೆ ಈ ಭಾಗದ ಹಾಡುಗಾರರಿಗೆ ಮುಂಬಯಿಯ ದಾರಿ ಕಾಯುವುದು ತಪ್ಪಿತು, ಹಳ್ಳಿಯ ಹೋಟೆಲುಗಳಲ್ಲೂ ಖ್ಯಾಲ್ ಕೇಳತೊಡಗಿತು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡರು. ಅವರ ಪುಣ್ಯತಿಥಿಯ ಸಂಗೀತೋತ್ಸವ ಪುಣೆಯಲ್ಲಿ ಬೆಳೆದು ದೇಶಕ್ಕೆಲ್ಲ ಗೊತ್ತಾಯಿತು. ಕುಂದಗೋಳದ ವಾಡೆಯಲ್ಲಿ ನಡೆಯುವುದು ಅಷ್ಟು ದೊಡ್ಡದಲ್ಲ, ಆದರೆ ರಾತ್ರಿಯಿಡೀ ಜಮಖಾನದ ಮೇಲೆ ಕೂತು ಕೇಳಿದವರಿಗೆ ಅದರ ರುಚಿಯೇ ಬೇರೆ. ಪುಣೆಗೆ ಹೋಗುವವರು ಟಿಕೆಟ್ ತೆಗೆಸುತ್ತಾರೆ, ಕುಂದಗೋಳಕ್ಕೆ ಬರುವವರು ಹೊದಿಕೆ ತರುತ್ತಾರೆ. ಅಲ್ಲಿ ಹಾಡುವುದನ್ನು ಗಂಗೂಬಾಯಿ ಗುರುಋಣವೆಂದೇ ತಿಳಿದಿದ್ದರು.

ಇಷ್ಟು ಹೊತ್ತು ಹಿಂದಿಟ್ಟುಕೊಂಡು ಬಂದ ಒಬ್ಬರ ಮಾತಿಗೆ ಈಗ ಬರುತ್ತೇನೆ. ಬೇಕೆಂದೇ ಹಿಂದಿಟ್ಟೆ, ಬದುಕಿನುದ್ದಕ್ಕೂ ಅವರು ಕೂತದ್ದು ಹಿಂದೆಯೇ. ಗಂಗೂಬಾಯಿಯವರ ಯಾವುದೇ ಕಛೇರಿಯ ಫೋಟೋ ನೋಡಿ. ಮುಂದೆ ಕೈ ಎತ್ತಿ ಕಿವಿಗೆ ಹಿಡಿದ ಸಣ್ಣ ದೇಹ, ಮೂಗಿನಲ್ಲಿ ಹೊಳೆಯುವ ನತ್ತು. ಹಿಂದೆ ತಂಬೂರಿ ಹಿಡಿದ ಮಗಳು ಕೃಷ್ಣಾ. ತಬಲಾಕ್ಕೆ ಎಷ್ಟೋ ಸಲ ಮನೆತನದವರೇ ಆದ ಶೇಷಗಿರಿ ಹಾನಗಲ್. ವೇದಿಕೆಯೆಂದರೆ ಅದು ಹುಬ್ಬಳ್ಳಿಯ ಮನೆಯ ಪಡಸಾಲೆಯೇ ಎದ್ದು ಬಂದು ಕೂತ ಹಾಗೆ.

ಕೃಷ್ಣಾ ಹಾನಗಲ್ ತಾಯಿಯ ಕೈಯಲ್ಲೇ ತಯಾರಾದ ಗಾಯಕಿ. ಒಬ್ಬರೇ ಕೂತು ಹಾಡಬಲ್ಲವರು, ಹಾಡಿದವರು ಕೂಡ. ಆದರೂ ಆಯ್ದುಕೊಂಡದ್ದು ಹಿಂದಿನ ತಂಬೂರಿಯನ್ನು. ತಾಯಿಯ ದನಿ ಮಂದ್ರದಲ್ಲಿ ನಿಂತಾಗ ಮಗಳ ದನಿ ಮೇಲಿನಿಂದ ಬಂದು ಅದಕ್ಕೆ ಒರಗುತ್ತಿತ್ತು. ವಯಸ್ಸಾಗಿ ಉಸಿರು ಕಡಿಮೆಯಾದ ವರ್ಷಗಳಲ್ಲಿ ತಾಯಿ ಆಲಾಪದ ಸಾಲೊಂದನ್ನು ಅರ್ಧಕ್ಕೆ ಬಿಟ್ಟರೆ ಮಗಳು ಅದೇ ಜಾಗದಿಂದ ಎತ್ತಿಕೊಳ್ಳುತ್ತಿದ್ದರು. ಎಲ್ಲಿ ಬಿಟ್ಟರು, ಎಲ್ಲಿ ಹಿಡಿದರು ಎಂದು ಕೇಳುವವರಿಗೆ ಹೊಲಿಗೆ ಕಾಣುತ್ತಿರಲಿಲ್ಲ. ಇದನ್ನು ಸಾಥ್ ಎಂದು ಕರೆದು ಮುಗಿಸಿಬಿಡುತ್ತೇವೆ. ರಾಗದ ಮುಂದಿನ ಹೆಜ್ಜೆ ಎಲ್ಲಿ ಎಂದು ಗೊತ್ತಿದ್ದೂ ಅದನ್ನು ತಾನು ಮೊದಲು ಇಡದೆ ಕಾಯುವುದು ಹಾಡುವುದಕ್ಕಿಂತ ಕಷ್ಟದ ವಿದ್ಯೆ. ಅಜ್ಜಿ ಅಂಬಾಬಾಯಿ ಮಗಳಿಗಾಗಿ ದನಿ ನಿಲ್ಲಿಸಿದರು, ಮೊಮ್ಮಗಳು ತಾಯಿಗಾಗಿ ದನಿ ತಗ್ಗಿಸಿಕೊಂಡರು. ನಡುವೆ ನಿಂತ ಗಂಗೂಬಾಯಿಯವರ ದನಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶದ ತುಂಬ ಕೇಳಿತು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇನೆ. ಆ ತಾಯಿಗೂ ಅದು ಗೊತ್ತಿತ್ತೆಂದು ನನ್ನ ಎಣಿಕೆ.

2003ರಲ್ಲಿ ಗಂಗೂಬಾಯಿ ಕ್ಯಾನ್ಸರ್ ಗೆದ್ದರು, ತೊಂಬತ್ತರ ವಯಸ್ಸಿನಲ್ಲಿ. ಮರುವರ್ಷ, 2004ರಲ್ಲಿ, ಅದೇ ರೋಗ ಕೃಷ್ಣಾ ಅವರನ್ನು ಕೊಂಡೊಯ್ದಿತು. ಹಿಂದಿನ ತಂಬೂರಿ ಬರಿದಾಯಿತು. ಹಾಡಿನ ಬದುಕಿಗೆ 75 ವರ್ಷ ತುಂಬಿದ ನೆಪದಲ್ಲಿ 2006ರ ಮಾರ್ಚಿನಲ್ಲಿ ಗಂಗೂಬಾಯಿ ಕೊನೆಯ ಕಛೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಕಣ್ಣುಗಳನ್ನು ದಾನ ಮಾಡಿದ್ದರು.

ಉಣಕಲ್ಲಿನ ಗುರುಕುಲ ಹುಟ್ಟಿದ್ದು ಈ ಮನೆಯ ಮಾದರಿಯನ್ನೇ ಕಟ್ಟಡದಲ್ಲಿ ಇಳಿಸುವ ಆಸೆಯಿಂದ. ಗುರುವಿನ ಜೊತೆ ಇದ್ದು, ಉಂಡು, ಕೇಳಿ ಕಲಿಯುವುದು ಅಲ್ಲಿನ ರೀತಿ. ಒಳ್ಳೆಯ ಯೋಚನೆ. ಆದರೆ ಪಠ್ಯಕ್ರಮದಲ್ಲಿ ಹಾಕಲಾಗದ ಭಾಗವೊಂದಿದೆ, ಮನೆಯವರು ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಟ್ಟದ್ದು. ಅದನ್ನು ಕಲಿಸಲು ಬರುವುದಿಲ್ಲ, ಕಲಿಸಲೂಬಾರದು. ಹೊಸ ಹುಡುಗಿಯರು ಮುಂದೆಯೇ ಕೂತು ಹಾಡಲಿ. ಯಾರು ಯಾರು ಬಿಟ್ಟುಕೊಟ್ಟರೆಂದು ದಾಖಲೆಯಲ್ಲಿ ಬರೆದಿಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗಗಳ ಎಷ್ಟೋ ಮನೆಗಳ ಅಟ್ಟದ ಮೇಲೆ, ಬೀರುವಿನ ಮೂಲೆಯಲ್ಲಿ ಹಳೆಯ ಬೈಠಕ್‌ಗಳ ಸ್ಪೂಲ್ ಟೇಪುಗಳು, ಕ್ಯಾಸೆಟ್ಟುಗಳು ಇವೆ. ಅವುಗಳ ಮೇಲಿನ ಚೀಟಿಯಲ್ಲಿ ರಾಗ, ತಾರೀಖು, ಊರು, ಗಂಗೂಬಾಯಿಯವರ ಹೆಸರು ಇರುತ್ತದೆ. ಒಮ್ಮೆ ಹೊರಗೆ ತೆಗೆದು ಕೇಳಿ. ಹಿಂದಿನಿಂದ ಎರಡನೆಯ ದನಿ ಕೇಳಿಸಿದರೆ ಪೆನ್ನು ತೆಗೆದುಕೊಂಡು ಆ ಚೀಟಿಯಲ್ಲಿ ಕೃಷ್ಣಾ ಹಾನಗಲ್ ಎಂದೂ ಬರೆದಿಡಿ.